ಫಲಪುಷ್ಪ ಪ್ರದರ್ಶನದಲ್ಲಿ ಸಣ್ಣ ಉದ್ಯಾನಕಾರನ ಮಳಿಗೆ

ವರ್ಷಕ್ಕೆ ಎರಡಾವರ್ತಿ, ಗಣರಾಜ್ಯೋತ್ಸವದ ಸುಮಾರಿಗೊಮ್ಮೆ, ಸ್ವಾತಂತ್ರ್ಯೋತ್ಸವದ ಸುಮಾರಿಗೊಮ್ಮೆ, ಬೆಂಗಳೂರಿನ ಲಾಲ್‌ಬಾಗಿನಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನವನ್ನು ಈಗ ಕೇಳುತ್ತಿರುವವರಲ್ಲಿ ಅನೇಕರು ನೋಡಿಯೇ ಇರುವಿರೆಂದು ನಂಬಿದ್ದೇನೆ. ನೋಡಿದವರ ನೆನಪಿನಲ್ಲಿ ನಿಂತಿರುವುದು ಸಾಮಾನ್ಯವಾಗಿ ಗಾಜಿನ ಮನೆ ಮತ್ತು ಅದರೊಳಗೆ ರಾಶಿರಾಶಿ ಹೂಗಳಿಂದ ರಚಿತವಾದ ಆಯಾ ವರ್ಷದ ಮುಖ್ಯ ಕೃತಿ. 2022ರ ಆಗಸ್ಟಿನಲ್ಲಿ ಡಾ. ರಾಜ್‌ಕುಮಾರ್ ಮತ್ತು ಪುನೀತ್ ರಾಜ್‌ಕುಮಾರ್ ಅವರ ಸ್ಮರಣೆಗೂ, 2024ರ ಜನವರಿಯಲ್ಲಿ ಬಸವಣ್ಣನವರ ಮತ್ತು ವಚನ ಸಾಹಿತ್ಯದ ಸ್ಮರಣೆಗೂ ಸಮರ್ಪಿತವಾಗಿದ್ದ ರಚನೆಗಳನ್ನು ಕಾಣಲು ಜನ ಎಷ್ಟು ಶ್ರದ್ಧೆಯಿಂದ ಸಾಲುಗಟ್ಟಿದ್ದರೆಂಬುದನ್ನು ನಾವೆಲ್ಲ ಬಲ್ಲೆವು. ಆದರೆ ಆ ಜನಸಂದಣಿಯಿಂದ ಬಿಡಿಸಿಕೊಂಡು ಹೊರಗೆ ಬಂದರೆ ಮಳಿಗೆಗಳ ದೀರ್ಘವಾದೊಂದು ಸಾಲು ಇರುತ್ತದೆ. ಬೀಜದ ಪೊಟ್ಟಣ, ಎರೆಹುಳು ಗೊಬ್ಬರ, ಮಣ್ಣಿನ ಕುಂಡ, ಕತ್ತರಿ, ನೀರಿನ ಪೈಪು, ನರ್ಸರಿಯ ಸಸಿ ಇವುಗಳನ್ನು ಮಾರುವವರ ನಡುವೆ ಎಲ್ಲಿಯೋ ಒಂದೆಡೆ, ಹತ್ತಡಿ ಉದ್ದ ಹತ್ತಡಿ ಅಗಲದ ಜಾಗದಲ್ಲಿ, ಪರರ ಅಂಗಳಗಳಲ್ಲಿ ತೋಟ ಕಟ್ಟಿಕೊಡುವ ಸಣ್ಣ ಉದ್ಯಮಿಯೊಬ್ಬನು ತನ್ನ ಹೆಸರಿನ ಹಲಗೆಯನ್ನು ತೂಗುಹಾಕಿಕೊಂಡು ನಿಂತಿರುತ್ತಾನೆ. ಲ್ಯಾಂಡ್‌ಸ್ಕೇಪ್ ಕೆಲಸವೆಂದು ಪೇಟೆಯಲ್ಲಿ ಕರೆಯಿಸಿಕೊಳ್ಳುವ ಆ ವೃತ್ತಿಯವನು ಇಂಥ ಪ್ರದರ್ಶನದಲ್ಲಿ ತನ್ನನ್ನು ಜನಕ್ಕೆ ಪರಿಚಯಿಸಿಕೊಳ್ಳಬೇಕಾದ ಬಗೆ ಯಾವುದೆಂಬ ವಿಚಾರವಾಗಿ ಇಂದು ನಾಲ್ಕು ಮಾತನ್ನು ಆಡಬೇಕೆಂದಿದ್ದೇನೆ.

ಉಳಿದ ಮಳಿಗೆಗಾರರಿಗೂ ಇವನಿಗೂ ಮೂಲಭೂತವಾದೊಂದು ಭೇದವುಂಟು. ಬೀಜ ಮಾರುವವನು ಹಣವನ್ನು ಪಡೆದು ಪೊಟ್ಟಣವನ್ನು ಕೈಗಿತ್ತರೆ ವ್ಯವಹಾರ ಅಲ್ಲಿಗೆ ಮುಗಿಯಿತು. ಸಂಜೆ ಗಲ್ಲಾಪೆಟ್ಟಿಗೆಯನ್ನು ಎಣಿಸಿದರೆ ಆ ದಿನದ ಲಾಭನಷ್ಟ ಅವನಿಗೆ ತಿಳಿಯುತ್ತದೆ. ತೋಟ ಕಟ್ಟುವವನ ಸರಕಾದರೋ ಆ ದಿನ ಆ ಸ್ಥಳದಲ್ಲಿ ಇರುವುದೇ ಇಲ್ಲ. ಅದು ಮುಂದೆಂದೋ, ಕೊಳ್ಳುವವನ ಮನೆಯ ಮುಂದೆ, ಅಲ್ಲಿಯ ಮಣ್ಣು ನೀರು ಬಿಸಿಲುಗಳು ಅನುಕೂಲಿಸಿದಂತೆ ಆಗಬೇಕಾದದ್ದು. ಆದಮೇಲೂ ಒಂದು ಮಳೆಗಾಲ ಒಂದು ಬೇಸಿಗೆ ಕಳೆಯುವತನಕ ಅದು ಸಾರ್ಥಕವಾಯಿತೋ ಇಲ್ಲವೋ ಹೇಳಬರುವುದಿಲ್ಲ. ಎರಡು ಮೂರು ಆಳು, ಬಾಡಿಗೆಯ ಟೆಂಪೋ, ನಗರದಾಚೆ ಗುತ್ತಿಗೆಗೆ ಹಿಡಿದ ತುಂಡು ನೆಲದಲ್ಲೊಂದು ನರ್ಸರಿ, ಇಷ್ಟನ್ನೇ ಬಂಡವಾಳವಾಗಿ ಉಳ್ಳವನು ಮಳಿಗೆಯ ಬಾಡಿಗೆಯನ್ನೂ ಆಳಿನ ಕೂಲಿಯನ್ನೂ ತೆತ್ತು ಹತ್ತು ಹನ್ನೆರಡು ದಿನ ಬೇರೆ ಕೆಲಸವನ್ನು ಬಿಟ್ಟು ಅಲ್ಲಿ ನಿಲ್ಲುವುದೆಂದರೆ ಅಲ್ಪಸಾಹಸವಲ್ಲ. ಆ ಸಾಹಸಕ್ಕೆ ತಕ್ಕ ಫಲ ದೊರೆಯಬೇಕಾದರೆ ಅವನು ಜನರೆದುರಿಗೆ ಇಡಬೇಕಾದದ್ದು, ತಾನು ಕಟ್ಟಿದ ತೋಟ ಮರುವರ್ಷವೂ ಬದುಕಿರುತ್ತದೆಂಬ ಭರವಸೆಯನ್ನು ಮತ್ತು ಆ ಭರವಸೆಗೆ ಕಣ್ಣಿಗೆ ಕಾಣುವಂಥ ಆಧಾರವನ್ನು. ನನ್ನ ಮಾತಿನ ತಾತ್ಪರ್ಯವೆಲ್ಲ ಇಷ್ಟೆ. ಮುಂದಿನದು ಇದರ ವಿವರಣೆ.

ಜಗತ್ತಿನ ಮಹಾಪ್ರದರ್ಶನಗಳ ಚರಿತ್ರೆಯಲ್ಲಿ ಮೊದಲನೆಯ ಹೆಸರುಗಳಲ್ಲೊಂದು ತೋಟದ ಕೆಲಸದವನದೆಂಬುದು ಈ ವೃತ್ತಿಯವರೆಲ್ಲ ಹೆಮ್ಮೆಯಿಂದ ನೆನೆಯತಕ್ಕ ಸಂಗತಿ. ಲಂಡನ್ನಿನ ಹೈಡ್ ಪಾರ್ಕಿನಲ್ಲಿ 1851ರ ಮೇ ಒಂದರಂದು ತೆರೆದ ಸರ್ವರಾಷ್ಟ್ರೀಯ ಕೈಗಾರಿಕಾ ಪ್ರದರ್ಶನಕ್ಕೆ ಯೋಗ್ಯವಾದ ಭವನ ಬೇಕೆಂದು ಅದರ ವ್ಯವಸ್ಥಾಪಕರು ಪ್ರಕಟಿಸಿದಾಗ 245 ನಕ್ಷೆಗಳು ಬಂದುವು, ಒಂದೂ ಒಪ್ಪಿಗೆಯಾಗಲಿಲ್ಲ. ಆ ಇಕ್ಕಟ್ಟಿನ ಸಮಯದಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಎಂಬಾತನು ರೈಲ್ವೆ ಕಂಪೆನಿಯೊಂದರ ಸಭೆಯಲ್ಲಿ ಕುಳಿತಿದ್ದಾಗ ಮಸಿಹೀರುವ ಕಾಗದದ ಮೇಲೆ ಗೀಚಿದ ರೇಖಾಚಿತ್ರವು, ಕಬ್ಬಿಣ ಮತ್ತು ಗಾಜುಗಳಿಂದ ನಿರ್ಮಿತವಾದ, 1,848 ಅಡಿ ಉದ್ದದ ಸ್ಫಟಿಕ ಪ್ರಾಸಾದಕ್ಕೆ ಬೀಜವಾಯಿತು. ಉದ್ಯಾನದಲ್ಲಿ ಬೆಳೆದು ನಿಂತಿದ್ದ ಎಲ್ಮ್ ಮರಗಳನ್ನು ಕಡಿಯದೆ, ಅವುಗಳ ತಲೆಯ ಮೇಲೆ ಕಮಾನು ಕಟ್ಟಿ ಒಳಗೇ ಉಳಿಸಿಕೊಂಡ ಆ ಭವನವನ್ನು ಅರ್ಧ ವರ್ಷದೊಳಗೆ ಅರುವತ್ತು ಲಕ್ಷಕ್ಕೂ ಮೀರಿದ ಜನ ಬಂದು ನೋಡಿದರು.

ಈ ಪ್ಯಾಕ್ಸ್‌ಟನ್ ವಾಸ್ತುಶಿಲ್ಪದ ಶಾಲೆಯಲ್ಲಿ ಕಲಿತವನಲ್ಲ. ಇಪ್ಪತ್ತಮೂರನೆಯ ವಯಸ್ಸಿನಲ್ಲಿ, 1826ರಲ್ಲಿ, ಡೆವನ್‌ಷೈರಿನ ಡ್ಯೂಕನ ಚಾಟ್ಸ್‌ವರ್ತ್ ತೋಟಕ್ಕೆ ಮುಖ್ಯಮಾಲಿಯಾಗಿ ಸೇರಿದವನು. ದಕ್ಷಿಣ ಅಮೆರಿಕದಿಂದ ಬಂದ ವಿಕ್ಟೋರಿಯಾ ನೈದಿಲೆಯನ್ನು 1849ರ ನವೆಂಬರಿನಲ್ಲಿ ಅಲ್ಲಿ ಹೂಬಿಡಿಸಿ, ಅದರ ತಟ್ಟೆಯಂಥ ಎಲೆಯ ಮೇಲೆ ತನ್ನ ಪುಟ್ಟ ಮಗಳನ್ನು ನಿಲ್ಲಿಸಿ, ಆ ಭಾರವನ್ನು ಹೊರುವ ಶಕ್ತಿ ಎಲೆಯ ಅಡಿಯ ನರಗಳ ಹೆಣಿಗೆಯಿಂದ ಬಂತೆಂಬುದನ್ನು ಕಂಡುಕೊಂಡು, ಅದೇ ರೀತಿಯ ಹೆಣಿಗೆಯಿಂದ ಆ ನೈದಿಲೆಗೇ ಒಂದು ಚಿಕ್ಕ ಗಾಜಿನ ಮನೆಯನ್ನು ಕಟ್ಟಿದನು. ಲಂಡನ್ನಿನ ದೊಡ್ಡ ಭವನವು ನಿಲ್ಲುತ್ತದೆಂದು ಹೇಳಲು ಅವನಲ್ಲಿದ್ದ ಪ್ರಬಲವಾದ ಪ್ರಮಾಣ ಈ ಚಿಕ್ಕ ಮನೆ. ನಿಂತಿದ್ದ ಕೆಲಸವೊಂದನ್ನು ಅವನು ಬೆರಳಿಟ್ಟು ತೋರಿಸಬಲ್ಲವನಾಗಿದ್ದನು. ಸಣ್ಣ ಉದ್ಯಮಿಗೆ ಇದಕ್ಕಿಂತ ಒಳ್ಳೆಯ ಪಾಠವನ್ನು ನಾನು ಕಾಣೆ.

ಆ ಸ್ಫಟಿಕ ಪ್ರಾಸಾದದ ಮಾದರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದೇ ನಮ್ಮ ಲಾಲ್‌ಬಾಗಿನ ಗಾಜಿನ ಮನೆ. ಹೈದರಾಲಿಯು 1760ರಲ್ಲಿ ಆರಂಭಿಸಿ, ಟಿಪ್ಪು ಬೆಳೆಸಿ, 1856ರಲ್ಲಿ ಸರ್ಕಾರದ ಸಸ್ಯೋದ್ಯಾನವಾದ ಈ ತೋಟದಲ್ಲಿ, ಜಾನ್ ಕ್ಯಾಮರನ್ ಮೇಲ್ವಿಚಾರಕನಾಗಿದ್ದಾಗ, 1889ರ ನವೆಂಬರ್ 30ರಂದು ಅದಕ್ಕೆ ಅಸ್ತಿಭಾರ ಬಿದ್ದಿತು. ಅವನ ತರುವಾಯ 1908ರಲ್ಲಿ ಬಂದ ಜರ್ಮನಿಯ ಕ್ರುಂಬಿಗಲ್, ಆಮೇಲೆ ಎಚ್. ಸಿ. ಜವರಾಯ, ಎಂ. ಎಚ್. ಮರಿಗೌಡ, ಇವರೆಲ್ಲರ ಕೈಯಲ್ಲಿ ತೋಟವೂ ತೋಟಗಾರಿಕೆಯೂ ಬೆಳೆದುವು. ಮೈಸೂರು ಉದ್ಯಾನ ಕಲಾ ಸಂಘವು 1912ರಷ್ಟು ಹಿಂದೆಯೇ ಸ್ಥಾಪಿತವಾದುದು. ತೋಟಗಾರಿಕೆ ಇಲಾಖೆಯೂ ಈ ಸಂಘವೂ ಜೊತೆಗೂಡಿ ನಡೆಸುತ್ತ ಬಂದಿರುವ ಪ್ರದರ್ಶನಗಳ ಸಂಖ್ಯೆ ಇನ್ನೂರನ್ನು ದಾಟಿದೆ. ಇಷ್ಟು ದೀರ್ಘವಾದ ಪರಂಪರೆಯುಳ್ಳ ಜಾಗದಲ್ಲಿ ನಿಲ್ಲುವ ಅವಕಾಶವನ್ನು ಪಡೆದವನು ಅದನ್ನು ಕೇವಲ ಬಾಡಿಗೆ ಕೊಟ್ಟು ಹಿಡಿದ ಅಂಗಡಿಯೆಂದು ತಿಳಿಯಬಾರದು. ಅಲ್ಲಿಗೆ ಬರುವ ಜನ ಗಿಡಗಳ ಮೇಲೆ ಪ್ರೀತಿಯನ್ನು ಹೊತ್ತೇ ಬರುತ್ತಾರೆ. ಪ್ರೀತಿಯನ್ನು ಹುಟ್ಟಿಸುವ ಶ್ರಮ ಅವನಿಗಿಲ್ಲ. ಅವರಲ್ಲಿ ಇಲ್ಲದಿರುವುದು ಧೈರ್ಯ.

ಅನೇಕ ಮಳಿಗೆಗಳಲ್ಲಿ ನಾನು ಕಂಡಿರುವುದೇನೆಂದರೆ, ಇದ್ದಬದ್ದ ಹಣವನ್ನೆಲ್ಲ ಸುರಿದು ಆರ್ಕಿಡ್, ಆಂಥೂರಿಯಂಗಳ ಹೂವಿನ ಕುಂಡಗಳನ್ನು ಬಾಡಿಗೆಗೆ ತಂದು, ನಡುವೆ ಸಿಮೆಂಟಿನದೊಂದು ಜಲಪಾತವನ್ನೂ ಬಣ್ಣದ ದೀಪವನ್ನೂ ಇಟ್ಟು, ಕಣ್ಣು ಕೋರೈಸುವಂತೆ ಅಲಂಕರಿಸಿರುತ್ತಾರೆ. ಜನ ಗುಂಪುಗುಂಪಾಗಿ ನಿಲ್ಲುತ್ತಾರೆ, ಮಕ್ಕಳನ್ನು ಜಲಪಾತದ ಪಕ್ಕದಲ್ಲಿ ನಿಲ್ಲಿಸಿ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳುತ್ತಾರೆ, ಹೊರಟುಹೋಗುತ್ತಾರೆ. ಆ ಸೊಬಗನ್ನು ತಮ್ಮ ಮನೆಯ ಮುಂದಿನ ಹನ್ನೆರಡಡಿಯ ಪಾತಿಗೆ ಹೊಂದಿಸಿಕೊಳ್ಳುವ ದಾರಿ ಅವರಿಗೆ ಕಾಣುವುದಿಲ್ಲ. ಇದು ಮಳಿಗೆಯವನ ಕಲಾಭಿರುಚಿಯ ದೋಷವಲ್ಲ. ಪ್ರದರ್ಶನಕ್ಕೆ ಬಂದವರಲ್ಲಿ ತನಗೆ ಕೆಲಸ ಕೊಡಬಲ್ಲವರು ಯಾರು, ಅವರ ಮನಸ್ಸಿನ ಅಳುಕು ಯಾವುದು ಎಂಬುದನ್ನು ವಿಚಾರಮಾಡದೆ ಹೋದುದರ ಫಲ. ಮಳಿಗೆಯನ್ನು ಹಿಡಿಯುವುದಕ್ಕೆ ಒಂದು ವರ್ಷ ಮುಂಚೆ, ಪ್ರೇಕ್ಷಕನಾಗಿ ಹೋಗಿ ಒಂದಿಡೀ ದಿನ ಆ ಸಾಲಿನಲ್ಲಿ ಅಡ್ಡಾಡಿ, ಜನ ಎಲ್ಲಿ ನಿಲ್ಲುತ್ತಾರೆ, ನಿಂತು ಏನನ್ನು ಕೇಳುತ್ತಾರೆ ಎಂಬುದನ್ನು ಕಿವಿಗೊಟ್ಟು ಕೇಳಿದವನಿಗೆ ಈ ಅಳುಕಿನ ಸ್ವರೂಪ ತಾನಾಗಿಯೇ ತಿಳಿಯುತ್ತದೆ. ಹತ್ತರಲ್ಲಿ ಎಂಟು ಪ್ರಶ್ನೆಗಳು ಸುತ್ತಿಬಳಸಿ ಒಂದೇ ಕಡೆಗೆ ಬರುತ್ತವೆ: ಇದಕ್ಕೆ ನೀರೆಷ್ಟು ಬೇಕು, ದಿನಾ ಯಾರು ನೋಡಿಕೊಳ್ಳಬೇಕು, ಒಣಗಿಹೋದರೆ ಏನು ಗತಿ?

ಈ ಪ್ರಶ್ನೆಗೆ ಮಳಿಗೆಯೇ ಉತ್ತರ ಹೇಳುವಂತೆ ಮಾಡಿದ್ದ ಗಂಡಹೆಂಡಿರ ಒಂದು ಸಣ್ಣ ಉದ್ಯಮವನ್ನು ನಾನು ಹತ್ತಿರದಿಂದ ಬಲ್ಲೆ. ಅವರ ಮಳಿಗೆಯಲ್ಲಿ ಹೂವು ಹೆಚ್ಚಿರಲಿಲ್ಲ. ಎದುರಿಗೆ ಮೀನಿನ ತೊಟ್ಟಿಯಂಥ ಒಂದು ಗಾಜಿನ ಪೆಟ್ಟಿಗೆ. ಅದರಲ್ಲಿ ತಳದಿಂದ ಮೇಲಕ್ಕೆ ಕ್ರಮವಾಗಿ ಜಲ್ಲಿಯ ಪದರ, ಮರಳಿನ ಪದರ, ಕೆಮ್ಮಣ್ಣೂ ಕೊಟ್ಟಿಗೆ ಗೊಬ್ಬರವೂ ತೆಂಗಿನ ನಾರಿನ ಪುಡಿಯೂ ಬೆರೆತ ಪದರ, ಅದರ ಮೇಲೆ ಬೇರುಬಿಟ್ಟ ಹುಲ್ಲು. ಗಾಜಿನ ಬದಿಗೆ ಒತ್ತಿಕೊಂಡು ಇಳಿದಿದ್ದ ಬಿಳಿಯ ಬೇರುಗಳನ್ನು ಮಕ್ಕಳು ಬೆರಳಿನಿಂದ ಹಿಂಬಾಲಿಸಿ ಎಣಿಸುತ್ತಿದ್ದುವು. ಅವರ ತಂದೆತಾಯಿಯರು ಬಾಗಿ, ನೆಲದ ಮೇಲೆ ಎಂದೂ ಕಾಣದ ಈ ಭಾಗವೇ ಖರ್ಚಿನ ಬಹುಪಾಲನ್ನು ನುಂಗುತ್ತದೆಂಬುದನ್ನು ತಿಳಿದುಕೊಳ್ಳುತ್ತಿದ್ದರು. ನೀರು ನಿಂತರೆ ಬೇರು ಕೊಳೆಯುವುದೆಂದೂ, ಕಟ್ಟಡದ ಕಸವನ್ನು ಹೂತ ಅಂಗಳದ ಮೇಲೆ ಎರಡಿಂಚು ಮಣ್ಣನ್ನು ಹರಡಿ ಹುಲ್ಲು ಹಾಸಿದರೆ ಅದು ಒಂದು ಬೇಸಿಗೆಯನ್ನೂ ದಾಟದೆಂದೂ ಆ ಪೆಟ್ಟಿಗೆಯ ಮುಂದೆ ನಿಂತು ಹೇಳುವುದಕ್ಕೆ ಅವರಿಗೆ ಐದು ನಿಮಿಷ ಸಾಕಾಗುತ್ತಿತ್ತು.

ಅದರ ಪಕ್ಕದಲ್ಲಿ ಐದಡಿ ಉದ್ದ ಐದಡಿ ಅಗಲದ ಒಂದು ತುಂಡು ಹುಲ್ಲುಹಾಸು. ಹುಲ್ಲಿನ ಅಂಚಿನಲ್ಲಿ ಹತ್ತು ಲೀಟರು ನೀರು ತುಂಬಿದ ಒಂದು ಬಕೆಟ್ಟು. ಬಿರುಬೇಸಿಗೆಯ ದಿನವೊಂದರಲ್ಲಿ ಇಷ್ಟು ಹುಲ್ಲಿಗೆ ಇಷ್ಟು ನೀರು ಎಂದು ಒಂದು ಚೀಟಿ. ಲೆಕ್ಕ ಕಠಿನವಾದುದೇನಲ್ಲ. ಒಂದು ಚದರ ಮೀಟರು ನೆಲದ ಮೇಲೆ ಒಂದು ಮಿಲಿಮೀಟರು ನೀರು ನಿಂತರೆ ಅದು ಒಂದು ಲೀಟರು. ಬೇಸಿಗೆಯಲ್ಲಿ ನಮ್ಮ ಸೀಮೆಯ ಹುಲ್ಲುಹಾಸಿನಿಂದ ದಿನಕ್ಕೆ ನಾಲ್ಕೈದು ಮಿಲಿಮೀಟರು ಆರಿಹೋಗುತ್ತದೆ. ಹಾಗಾಗಿ ನೂರು ಚದರ ಅಡಿಗೆ ಸುಮಾರು 40 ಲೀಟರು. ಪುಸ್ತಕದಲ್ಲಿ ಓದಿದರೆ ಮರೆತುಹೋಗುವ ಈ ಸಂಖ್ಯೆ, ಬಕೆಟ್ಟನ್ನು ಕಣ್ಣಾರೆ ಕಂಡವನ ಮನಸ್ಸಿನಲ್ಲಿ ಉಳಿಯುತ್ತದೆ. ತನ್ನ ಅಂಗಳದಲ್ಲಿ ಎಷ್ಟು ಬಕೆಟ್ಟಿನ ಹುಲ್ಲನ್ನು ತಾನು ಸಾಕಬಲ್ಲೆನೆಂದು ಅವನು ಅಲ್ಲಿಯೇ ಗುಣಿಸಿಕೊಳ್ಳುತ್ತಾನೆ. ಬಕೆಟ್ಟಿನ ಆಚೆಗೆ, ವಾರಕ್ಕೆರಡು ಸಲ ನೀರು ಕಂಡರೂ ಬಾಳುವ ಕಾಗದದ ಹೂ, ನಿತ್ಯಪುಷ್ಪ, ಕಣಗಿಲೆ, ಲೋಳೆಸರಗಳ ಒಂದು ಪಾತಿಯಿತ್ತು. ಗುಣಾಕಾರ ಮುಗಿಸಿ ಮುಖ ಸಣ್ಣದು ಮಾಡಿಕೊಂಡವರ ಕಣ್ಣು ಸಹಜವಾಗಿ ಆ ಕಡೆಗೆ ಹೋಗುತ್ತಿತ್ತು.

ಬೆಂಗಳೂರಿನಲ್ಲಿ ಈ ನೀರಿನ ಪ್ರಶ್ನೆ ಎಷ್ಟು ಗಂಭೀರವಾದುದೆಂಬುದನ್ನು 2024ರ ಬೇಸಿಗೆ ಎಲ್ಲರಿಗೂ ತಿಳಿಸಿತು. ಆ ವರ್ಷದ ಮಾರ್ಚಿನಲ್ಲಿ ಜಲಮಂಡಳಿಯು ಕುಡಿಯುವ ನೀರನ್ನು ತೋಟಕ್ಕೂ ವಾಹನ ತೊಳೆಯುವುದಕ್ಕೂ ಬಳಸಕೂಡದೆಂದು ಆಜ್ಞೆಮಾಡಿ, ಮೀರಿದವರಿಗೆ 5,000 ರೂಪಾಯಿ ದಂಡವನ್ನು ಗೊತ್ತುಮಾಡಿತು. ಆಜ್ಞೆ ನ್ಯಾಯವಾದದ್ದೇ, ಕುಡಿಯುವುದಕ್ಕೆ ಸಾಲದ ನೀರನ್ನು ಹುಲ್ಲಿಗೆ ಚೆಲ್ಲುವುದು ಧರ್ಮವಲ್ಲ. ಆದರೆ ಅಂದಿನಿಂದ ತೋಟವೆಂದರೆ ತಪ್ಪಿತಸ್ಥನ ಭಾವನೆ ಅನೇಕ ಗೃಹಸ್ಥರಲ್ಲಿ ಮೂಡಿದೆ. ಈ ಭಾವನೆಯನ್ನು ಮರೆಮಾಚಿ ಮಾತನಾಡುವ ಮಳಿಗೆಯವನು ಸೋಲುತ್ತಾನೆ. ಅದನ್ನು ತಾನೇ ಮೊದಲು ಎತ್ತಿ, ಮಾರ್ಗವನ್ನು ತೋರಿಸುವವನು ಗೆಲ್ಲುತ್ತಾನೆ. ಈ ನಗರದ ಮೇಲೆ ವರ್ಷಕ್ಕೆ ಸುಮಾರು 970 ಮಿಲಿಮೀಟರು ಮಳೆ ಬೀಳುತ್ತದೆ. ಸಾವಿರ ಚದರ ಅಡಿಯ ಚಾವಣಿಯ ಮೇಲೆ ಬಿದ್ದದ್ದನ್ನು ಲೆಕ್ಕಹಾಕಿದರೆ 90,000 ಲೀಟರಾಗುತ್ತದೆ. ನೂರು ಚದರ ಅಡಿ ಹುಲ್ಲನ್ನು ನಾಲ್ಕು ತಿಂಗಳ ಬೇಸಿಗೆಯಿಂದ ದಾಟಿಸುವುದಕ್ಕೆ ಬೇಕಾದದ್ದು ಐದು ಸಾವಿರ ಲೀಟರಿಗಿಂತ ಕಡಿಮೆ. ಮಳೆಯ ನೀರನ್ನು ಹಿಡಿದಿಡುವ ತೊಟ್ಟಿಯನ್ನೂ ತೋಟದ ನಕ್ಷೆಯ ಒಂದು ಭಾಗವಾಗಿಯೇ ಬರೆದು ತೋರಿಸಬಲ್ಲ ಉದ್ಯಾನಕಾರನಿಗೆ ಈ ಎರಡು ಸಂಖ್ಯೆಗಳಿಗಿಂತ ಉತ್ತಮವಾದ ಜಾಹೀರಾತು ಬೇಕಿಲ್ಲ.

ಆ ದಂಪತಿಗಳ ಮಳಿಗೆಯಲ್ಲಿ ನಾನು ನಿಂತಿದ್ದಾಗ ನಡೆದ ಒಂದು ಸಂಭಾಷಣೆಯನ್ನು ಇಲ್ಲಿ ಹೇಳಬೇಕು. ವಾರದ ನಡುವಣ ಒಂದು ಬೆಳಗ್ಗೆ, ಜನ ಇನ್ನೂ ವಿರಳವಾಗಿದ್ದ ಹೊತ್ತಿನಲ್ಲಿ, ವಯಸ್ಸಾದ ಹೆಂಗಸೊಬ್ಬರು ಬಂದು ಹುಲ್ಲುಹಾಸನ್ನು ಅಂಗೈಯಿಂದ ಸವರಿ ನೋಡಿದರು.

“ಏನಪ್ಪಾ, ನಮ್ಮನೆ ಮುಂದೆ ಇದೇ ಥರ ಹುಲ್ಲು ಹಾಕಿಸ್ಬೇಕು ಅಂತಿದೀನಿ. ಎಷ್ಟಾಗುತ್ತೆ?”

“ದುಡ್ಡಿನ ಮಾತು ಆಮೇಲೆ ಹೇಳ್ತೀನಮ್ಮ. ಮನೆ ಯಾವ ದಿಕ್ಕಿಗಿದೆ? ಅಂಗಳದಲ್ಲಿ ಮರ ಏನಾದ್ರೂ ಇದೆಯಾ?”

“ಉತ್ತರದ ಬಾಗಿಲು. ಮಾವಿನ ಮರ ಇದೆ, ನಮ್ಮತ್ತೆ ಕಾಲದ್ದು.”

“ಹಾಗಾದ್ರೆ ಅಲ್ಲಿ ಹುಲ್ಲು ಬೇಡಮ್ಮ. ಆರು ತಿಂಗಳು ಚೆನ್ನಾಗಿರುತ್ತೆ, ಆಮೇಲೆ ತೆಳ್ಳಗಾಗಿ ಮಣ್ಣು ಕಾಣುತ್ತೆ. ಮರದ ಬುಡಕ್ಕೆ ಜರಿಗಿಡ, ಸಿಂಗೋನಿಯಂ ಹಾಕೋಣ, ನಡೆಯೋಕೆ ಕಲ್ಲುಚಪ್ಪಡಿ ಹಾಕೋಣ. ಖರ್ಚೂ ಕಮ್ಮಿ.”

“ಆ ಕಡೆ ಮಳಿಗೆಯವರು ಹಾಕ್ಕೊಡ್ತೀವಿ ಅಂದ್ರಲ್ಲಪ್ಪ.”

“ಹಾಕ್ಕೊಡ್ತಾರಮ್ಮ. ಒಂದು ವರ್ಷ ಆದ್ಮೇಲೆ ಬಂದು ನೋಡ್ತೀರಾ ಅಂತ ಅವರನ್ನ ಒಂದು ಮಾತು ಕೇಳಿ.”

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಕೈಚೀಲದಿಂದ ಕನ್ನಡಕವನ್ನು ತೆಗೆದು, ತಮ್ಮ ವಿಳಾಸವನ್ನು ತಾವೇ ಅವರ ಪುಸ್ತಕದಲ್ಲಿ ಬರೆದುಕೊಟ್ಟರು. ಆತ ಹೇಳಿದ್ದು ವ್ಯಾಪಾರದ ಉಪಾಯವಾಗಿರಲಿಲ್ಲ, ವೃತ್ತಿಯ ಸತ್ಯವಾಗಿತ್ತು. ಹುಲ್ಲಿಗೆ ದಿನಕ್ಕೆ ಐದಾರು ಗಂಟೆಯಾದರೂ ನೇರ ಬಿಸಿಲು ಬೇಕು. ಉತ್ತರದ ಅಂಗಳದ ಮೇಲೆ, ಸೂರ್ಯನು ದಕ್ಷಿಣಕ್ಕೆ ಸರಿದಿರುವ ಚಳಿಗಾಲದ ತಿಂಗಳುಗಳಲ್ಲಿ, ಮನೆಯದೇ ನೆರಳು ಮಲಗಿರುತ್ತದೆ. ಅದರ ಮೇಲೆ ಮಾವಿನ ಮರದ ನೆರಳೂ ಸೇರಿದರೆ ಯಾವ ಜಾತಿಯ ಹುಲ್ಲೂ ಅಲ್ಲಿ ಏಳಿಗೆಯಾಗದು. ಬಂದ ಕೆಲಸವನ್ನು ಹೀಗೆ ಅರ್ಧ ಬಿಟ್ಟುಕೊಡುವ ಪ್ರಾಮಾಣಿಕತೆಯನ್ನು ಜನ ಕೂಡಲೇ ಗುರುತಿಸುತ್ತಾರೆ. ಭಾನುವಾರದ ಮತ್ತು ಆಗಸ್ಟ್ ಹದಿನೈದರ ನೂಕುನುಗ್ಗಲಿನಲ್ಲಿ ಇಂಥ ಮಾತಿಗೆ ಎಡೆಯಿಲ್ಲ; ಕೆಲಸದ ದಿನಗಳ ಬೆಳಗಿನ ಹೊತ್ತು ಬರುವವರು ನಿಧಾನವಾಗಿ ನೋಡುವ ಇರಾದೆಯಿಂದ ಬಂದವರಾದಕಾರಣ, ಮಳಿಗೆಯ ಯಜಮಾನನು ಆ ಹೊತ್ತಿನಲ್ಲಿ ಸ್ವತಃ ನಿಂತಿರುವುದು ಅವಶ್ಯಕ; ಸಂಬಳದ ಹುಡುಗನನ್ನು ಕೂರಿಸಿ ತಾನು ಸಂಜೆಗೆ ಬರುವುದು ಸಲ್ಲದು.

ವಿಳಾಸ ಬರೆಯುವ ಪುಸ್ತಕದ ಮಾತು ಬಂದುದರಿಂದ ಅದನ್ನು ಕುರಿತು ಎರಡು ಮಾತು. ವಿಸಿಟಿಂಗ್ ಕಾರ್ಡನ್ನು ಕಂಡಕಂಡವರಿಗೆ ಹಂಚಿ ಅವರು ಕರೆಯುವರೆಂದು ಕಾಯುವುದು ನಮ್ಮಲ್ಲಿ ಬಹುವಾಗಿ ನಡೆದಿರುವ ಪದ್ಧತಿ. ಆ ಕಾರ್ಡುಗಳಲ್ಲಿ ಎಷ್ಟು ಲಾಲ್‌ಬಾಗಿನ ಗೇಟನ್ನು ದಾಟುತ್ತವೆಂಬುದನ್ನು ಸಂಜೆಯ ಹೊತ್ತು ನೆಲವನ್ನು ನೋಡಿದವರು ಬಲ್ಲರು. ಹೆಸರು ಮತ್ತು ಫೋನಿನ ಜೊತೆಗೆ ನಿವೇಶನದ ಅಳತೆ, ಬಾಗಿಲಿನ ದಿಕ್ಕು, ನೀರಿನ ಮೂಲ ಕಾವೇರಿಯೋ ಕೊಳವೆಬಾವಿಯೋ ಟ್ಯಾಂಕರೋ ಎಂಬುದು, ಮನೆಯಲ್ಲಿ ನಾಯಿಯುಂಟೋ ಮಕ್ಕಳುಂಟೋ ಎಂಬುದು, ಹೋಗಿ ನೋಡಬಹುದಾದ ದಿನ, ಇಷ್ಟನ್ನೂ ಒಂದು ಉದ್ದ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಬರೆದುಕೊಂಡ ವಿಳಾಸ ನರ್ಸರಿಯಿಂದ ಕಿತ್ತ ಸಸಿಯಿದ್ದಂತೆ, ತಡಮಾಡಿದರೆ ಬಾಡುತ್ತದೆ. ಪ್ರದರ್ಶನ ಮುಗಿದ ವಾರದೊಳಗೆ ಅಳತೆಯ ಟೇಪನ್ನು ಹಿಡಿದು ಆ ಮನೆಗಳಿಗೆ ಹೋಗಬೇಕು. ಆದಕಾರಣ ಆ ವಾರಕ್ಕೆ ಬೇರೆ ಯಾವ ಕೆಲಸವನ್ನೂ ಒಪ್ಪಿಕೊಂಡಿರಬಾರದು. ಕೊಟೇಷನ್ನು ಕೊಡುವಾಗ ಮಣ್ಣಿನದೆಷ್ಟು, ಗಿಡದ್ದೆಷ್ಟು, ಕೂಲಿಯೆಷ್ಟು, ಮುಂದಿನ ವರ್ಷದ ನಿರ್ವಹಣೆಗೆ ತಿಂಗಳಿಗೆಷ್ಟು ಎಂದು ಬಿಡಿಸಿ ಬರೆದುಕೊಡುವುದು ಮೇಲು. ನಿರ್ವಹಣೆಯ ಕಲಮನ್ನು ಕಡೆಯಲ್ಲಿ ಸಣ್ಣ ಅಕ್ಷರದಲ್ಲಿ ಅಡಗಿಸಿಡುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಅದನ್ನು ಎಲ್ಲಕ್ಕಿಂತ ಮೊದಲು ಬರೆಯತಕ್ಕದ್ದು, ಏಕೆಂದರೆ ತೋಟವನ್ನು ಕಟ್ಟುವ ಖರ್ಚು ಒಂದು ಸಲದ್ದು, ಸಾಕುವ ಖರ್ಚು ಪ್ರತಿ ತಿಂಗಳಿನದು, ಮತ್ತು ಸಣ್ಣ ಉದ್ಯಮಿಯ ಆಳುಗಳಿಗೆ ತಪ್ಪದೆ ಸಂಬಳ ಸಿಕ್ಕುವುದು ಈ ಎರಡನೆಯದರಿಂದಲೇ.

ಹಳೆಯ ಕೆಲಸಗಳ ಭಾವಚಿತ್ರಗಳನ್ನು ಮಳಿಗೆಯಲ್ಲಿ ಎಲ್ಲರೂ ತೂಗುಹಾಕುತ್ತಾರೆ. ಅವು ಬಹುಮಟ್ಟಿಗೆ ಕೆಲಸ ಮುಗಿದ ದಿನ ತೆಗೆದವು. ಅಂದು ಯಾವ ತೋಟವೂ ಸುಂದರವೇ. ಅದೇ ಮೂಲೆಯಲ್ಲಿ ಅದೇ ಕಡೆಗೆ ಮುಖಮಾಡಿ ನಿಂತು, ಕೆಲಸಕ್ಕೆ ಮೊದಲು ಒಂದು, ಮುಗಿದಾಗ ಒಂದು, ಒಂದು ವರ್ಷದ ಮೇಲೆ ಒಂದು, ಹೀಗೆ ಮೂರು ಚಿತ್ರಗಳನ್ನು ತೆಗೆದು ಒಂದು ಸಾಲಿನಲ್ಲಿ ಅಂಟಿಸಿದರೆ, ಅಂಥ ನಾಲ್ಕು ಸಾಲುಗಳು ಇತರ ನಲವತ್ತು ಚಿತ್ರಗಳಿಗಿಂತ ಹೆಚ್ಚಿನ ಕೆಲಸವನ್ನು ಮಾಡುತ್ತವೆ.

ಇನ್ನು ಗಿಡಗಳ ಸಿದ್ಧತೆ. ಜನವರಿಯ ಪ್ರದರ್ಶನಕ್ಕೆ ಪೆಟೂನಿಯ, ಸಾಲ್ವಿಯ, ಫ್ಲಾಕ್ಸ್ ಮುಂತಾದ ಚಳಿಗಾಲದ ಹೂಗಳು ಬೇಕಾದರೆ ಅಕ್ಟೋಬರಿನಲ್ಲಿಯೇ ಬಿತ್ತನೆಯಾಗಿರಬೇಕೆಂಬುದು ಎಲ್ಲ ಮಾಲಿಗಳಿಗೂ ತಿಳಿದದ್ದು. ತಿಳಿದೂ ಹಲವರು ಅಲಕ್ಷ್ಯಮಾಡುವುದು ಶಾಮಿಯಾನದ ನೆರಳನ್ನು. ಬಿಸಿಲಿನಲ್ಲಿ ಬೆಳೆದ ಗಿಡವನ್ನು ಹತ್ತು ದಿನ ಬಟ್ಟೆಯ ಮಾಡಿನ ಕೆಳಗೆ, ಜನದ ಬಿಸಿಯುಸಿರಿನ ನಡುವೆ ಇಟ್ಟರೆ ನಾಲ್ಕನೆಯ ದಿನಕ್ಕೆ ಕೆಳಗಿನ ಎಲೆ ಹಳದಿಯಾಗುತ್ತದೆ. ತನ್ನ ಮಳಿಗೆಯ ಗಿಡವನ್ನೇ ಉಳಿಸಿಕೊಳ್ಳಲಾರದವನು ನಮ್ಮ ಮನೆಯದನ್ನು ಉಳಿಸುವನೆ ಎಂಬ ಸಂದೇಹ ಆಗ ನೋಡಿದವರಿಗೆ ಬಾರದಿರದು. ಆದ್ದರಿಂದ ಎರಡು ಜೊತೆ ಗಿಡಗಳನ್ನು ಸಿದ್ಧಪಡಿಸಿ, ಒಂದು ಮಳಿಗೆಯಲ್ಲಿರುವಾಗ ಇನ್ನೊಂದು ನರ್ಸರಿಯ ಬಿಸಿಲಿನಲ್ಲಿದ್ದು, ಮೂರು ದಿನಕ್ಕೊಮ್ಮೆ ರಾತ್ರಿ ಅದಲುಬದಲಾಗುವಂತೆ ಏರ್ಪಾಡು ಮಾಡಿಕೊಳ್ಳುವುದು ಒಳ್ಳೆಯದು.

ಲಾಲ್‌ಬಾಗೊಂದೇ ಪ್ರದರ್ಶನದ ಜಾಗವಲ್ಲ. ಮೈಸೂರಿನಲ್ಲಿ ದಸರೆಯ ಫಲಪುಷ್ಪ ಪ್ರದರ್ಶನ ಕುಪ್ಪಣ್ಣ ಉದ್ಯಾನದಲ್ಲಿ ನಡೆಯುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಜಿಕೆವಿಕೆ ಆವರಣದಲ್ಲಿ ಸಾಧಾರಣವಾಗಿ ನವೆಂಬರಿನಲ್ಲಿ ಕೃಷಿ ಮೇಳವುಂಟು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಮೇಳವುಂಟು. ಇವುಗಳಿಗಿಂತ ಬೇರೆಯಾದ ಒಂದು ಬಗೆ, ತುಮಕೂರು ರಸ್ತೆಯ ಮಾದಾವರದ ಪ್ರದರ್ಶನ ಕೇಂದ್ರದಲ್ಲಿ ನಡೆಯುವ ಕಟ್ಟಡ ಸಾಮಗ್ರಿಗಳ ಪ್ರದರ್ಶನ. ಅಲ್ಲಿಗೆ ಬರುವವರು ವಾಸ್ತುಶಿಲ್ಪಿಗಳು, ಕಂಟ್ರಾಕ್ಟರುಗಳು, ಅಪಾರ್ಟ್‌ಮೆಂಟ್ ಸಂಘಗಳ ಕಾರ್ಯದರ್ಶಿಗಳು. ಅವರ ಪ್ರಶ್ನೆಯೇ ಬೇರೆ: ನಮ್ಮಲ್ಲಿ ಶುದ್ಧೀಕರಣ ಘಟಕದಿಂದ ಬರುವ ಬಳಸಿದ ನೀರು ಬೇಕಾದಷ್ಟಿದೆ, ಆದರೆ ಅದನ್ನು ಹಾಯಿಸಿದರೆ ಎಲೆಯ ಅಂಚು ಸುಡುತ್ತದೆ, ಏನು ಮಾಡೋಣ? ಆ ನೀರಿನಲ್ಲಿ ಉಪ್ಪಿನ ಅಂಶ ಹೆಚ್ಚಾಗಿದ್ದು ಮಣ್ಣಿನಲ್ಲಿ ಕ್ರಮೇಣ ಶೇಖರವಾಗುತ್ತದೆಂಬುದನ್ನೂ, ಮಳೆಗಾಲದಲ್ಲಿ ಅದು ಕೆಳಕ್ಕೆ ತೊಳೆದುಹೋಗುವಂತೆ ಪಾತಿಯ ಅಡಿಯಲ್ಲಿ ಬಸಿಗಾಲುವೆಯಿರಬೇಕೆಂಬುದನ್ನೂ, ಕಣಗಿಲೆ, ಕಾಗದದ ಹೂಗಳಂಥ ಉಪ್ಪನ್ನು ತಾಳುವ ಗಿಡಗಳನ್ನು ಆರಿಸಬೇಕೆಂಬುದನ್ನೂ ಅಲ್ಲಿಯೇ ನಿಂತು ವಿವರಿಸಬಲ್ಲವನಿಗೆ ದೊಡ್ಡ ಕೆಲಸ ದೊರೆಯುವ ಸಂಭವವುಂಟು. ಆದರೆ ದೊಡ್ಡ ಕೆಲಸದ ಹಣ ಕೈಗೆ ಬರುವುದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದಾದ್ದರಿಂದ, ಆಳುಗಳ ವಾರದ ಕೂಲಿಯನ್ನು ಅಷ್ಟು ಕಾಲ ಕೈಯಿಂದ ತೆರುವ ಶಕ್ತಿಯಿಲ್ಲದವನು ಮನೆಯಂಗಳಗಳಲ್ಲಿಯೇ ಬೇರೂರಿ ಬೆಳೆಯುವುದು ಲೇಸೆಂದು ನನಗೆ ತೋರುತ್ತದೆ.

ಹಣವೇ ಬೇಡದ ಒಂದು ಪ್ರಚಾರಮಾರ್ಗವು ಲಾಲ್‌ಬಾಗಿನ ಪ್ರದರ್ಶನದ ಅಂಗವಾಗಿಯೇ ಇದೆ. ಉದ್ಯಾನ ಕಲಾ ಸಂಘವು ಮನೆಯ ತೋಟ, ತಾರಸಿಯ ತೋಟ, ಸಂಸ್ಥೆಗಳ ತೋಟ ಇವುಗಳಿಗೆ ಸ್ಪರ್ಧೆಗಳನ್ನು ಏರ್ಪಡಿಸುತ್ತದೆ. ತೀರ್ಪುಗಾರರು ಆಯಾ ಸ್ಥಳಕ್ಕೇ ಹೋಗಿ ತೋಟಗಳನ್ನು ಪರೀಕ್ಷಿಸುತ್ತಾರೆ. ತಾನು ಕಟ್ಟಿ, ವರ್ಷದಿಂದ ಸಾಕುತ್ತಿರುವ ಮನೆಯೊಂದರ ಯಜಮಾನರನ್ನು ಒಪ್ಪಿಸಿ ಸ್ಪರ್ಧೆಗೆ ಹೆಸರು ಕೊಡಿಸುವುದು ಯಾವ ಉದ್ಯಾನಕಾರನಿಗೂ ಸಾಧ್ಯ. ಬಹುಮಾನ ಮನೆಯವರದು, ಆಗಿರಬೇಕಾದದ್ದೂ ಹಾಗೆಯೇ; ಆದರೆ ತೋಟ ನೋಡಲು ಬಂದ ನೆಂಟರಿಷ್ಟರು ಇದನ್ನು ಯಾರು ಮಾಡಿದರೆಂದು ಕೇಳದೆ ಹೋಗುವುದಿಲ್ಲ.

ಕಡೆಯದಾಗಿ ಒಂದು ಸಲಹೆಯನ್ನು ಈ ವೃತ್ತಿಯವರ ಮುಂದೆಯೂ ಪ್ರದರ್ಶನವನ್ನು ನಡೆಸುವವರ ಮುಂದೆಯೂ ಇಡಬಯಸುತ್ತೇನೆ. ಮಳಿಗೆಯ ಬಾಡಿಗೆಯನ್ನು ಒಬ್ಬನೇ ತೆರಲಾರದ ಸಣ್ಣವರು ನಾಲ್ವರು ಸೇರಿ ಒಂದು ಮಳಿಗೆಯನ್ನು ಹಿಡಿಯಬಹುದು. ಒಬ್ಬನು ತಾರಸಿ ತೋಟದಲ್ಲಿ ಪಳಗಿದವನು, ಒಬ್ಬನು ಹುಲ್ಲುಹಾಸಿನಲ್ಲಿ, ಒಬ್ಬನು ಕಲ್ಲುಕೆಲಸದಲ್ಲಿ, ಒಬ್ಬನು ಹನಿ ನೀರಾವರಿಯಲ್ಲಿ. ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಕಸಿಯುವ ಭಯ ಅಷ್ಟಾಗಿ ಇಲ್ಲ, ದಿನಕ್ಕೊಬ್ಬರಂತೆ ನಿಂತರೆ ಉಳಿದ ಮೂವರ ಕೆಲಸವೂ ನಿಲ್ಲುವುದಿಲ್ಲ. ವಿಳಾಸದ ಪುಸ್ತಕ ಒಂದೇ ಇದ್ದು, ಪ್ರತಿ ರಾತ್ರಿ ಅದನ್ನು ಒಟ್ಟಿಗೆ ಕುಳಿತು ಓದಿ, ಯಾವ ಮನೆಗೆ ಯಾರು ಹೋಗಬೇಕೆಂಬುದನ್ನು ಗೊತ್ತುಮಾಡಿಕೊಳ್ಳತಕ್ಕದ್ದು. ಇಂಥ ಕೂಡುಮಳಿಗೆಗಳಿಗೆ ಪ್ರದರ್ಶನದ ಅಧಿಕಾರಿಗಳು ಸಾಲಿನ ಒಂದು ತುದಿಯಲ್ಲಿ, ಬೆಳಗಿನ ಬಿಸಿಲು ಬೀಳುವ ಮತ್ತು ನೀರಿನ ನಲ್ಲಿ ಸಮೀಪದಲ್ಲಿರುವ ಕಡೆ, ಕಡಿಮೆ ಬಾಡಿಗೆಗೆ ನಾಲ್ಕೈದು ಜಾಗಗಳನ್ನು ಮೀಸಲಾಗಿಟ್ಟರೆ ಬಹಳ ಉಪಕಾರವಾಗುತ್ತದೆ. ಅರ್ಜಿಗಳನ್ನು ಜನವರಿಯ ಪ್ರದರ್ಶನಕ್ಕೆ ನಾಲ್ಕು ತಿಂಗಳ ಮುಂಚೆಯೇ ಕರೆದು ಜಾಗವನ್ನು ಖಚಿತಪಡಿಸಿದರೆ, ಅಕ್ಟೋಬರಿನ ಬಿತ್ತನೆಯ ಹೊತ್ತಿಗೆ ಎಷ್ಟು ಬಿತ್ತಬೇಕೆಂಬುದು ಮಳಿಗೆಯವರಿಗೆ ತಿಳಿದಿರುತ್ತದೆ.